ನಿಮಗಿದು ಗೊತ್ತೇ? ಬೆಕ್ಕಿನ ಕಿಡ್ನಿ ಮೊದಲೇ ಕೊಡುವ ಸುಳಿವುಗಳು

“ನಿನ್ನೆವರೆಗೂ ಚೆನ್ನಾಗೇ ಇತ್ತು, ಇದ್ದಕ್ಕಿದ್ದಂತೆ ಊಟ ಬಿಟ್ಟಿತು, ಡಾಕ್ಟರು ನೋಡಿ ಕಿಡ್ನಿ ಹೋಗಿದೆ ಅಂದರು.” ವಯಸ್ಸಾದ ಬೆಕ್ಕು ಸಾಕಿದವರಿಂದ ಪದೇ ಪದೇ ಕೇಳಿಬರುವ ಮಾತಿದು. ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ಈ ‘ಇದ್ದಕ್ಕಿದ್ದಂತೆ’ ಅನ್ನುವುದಕ್ಕೆ ಹೆಚ್ಚಿನ ಸಲ ಎರಡು ಮೂರು ವರ್ಷದ ಹಿನ್ನೆಲೆ ಇರುತ್ತದೆ. ಅಷ್ಟು ದಿನವೂ ಸುಳಿವುಗಳು ಮನೆಯಲ್ಲೇ ಬಿದ್ದಿರುತ್ತವೆ. ಅವನ್ನು ಹೆಕ್ಕಿಕೊಳ್ಳಲು ನೆರವಾಗುವ ಕೆಲವು ಸಂಗತಿಗಳು ಇಲ್ಲಿವೆ.

● ಮನುಷ್ಯನ ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ರಕ್ತವನ್ನು ಸೋಸಿ ಮೂತ್ರ ಮಾಡುವ ಸೂಕ್ಷ್ಮ ಘಟಕಗಳು ಇವೇ. ನಾಯಿಗೆ ಸುಮಾರು 4 ಲಕ್ಷ. ಬೆಕ್ಕಿಗೆ ಹೆಚ್ಚುಕಡಿಮೆ 2 ಲಕ್ಷ ಅಷ್ಟೇ. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ.

● 10 ವರ್ಷ ದಾಟಿದ ಬೆಕ್ಕುಗಳಲ್ಲಿ ಹತ್ತಿರ ಹತ್ತಿರ ಮೂರಕ್ಕೊಂದರಲ್ಲಿ ಈ ಕಾಯಿಲೆ ಇರುತ್ತದೆ ಎಂಬುದು ಪಶುವೈದ್ಯರ ಸಾಮಾನ್ಯ ಅಂದಾಜು. 15 ದಾಟಿದವುಗಳಲ್ಲಿ ಇನ್ನೂ ಹೆಚ್ಚು.

● ಇಷ್ಟು ಸಾಮಾನ್ಯವಾದ ಕಾಯಿಲೆ ಕಣ್ಣಿಗೆ ಬೀಳದಿರುವುದು ಏಕೆ? ಉಳಿದ ನೆಫ್ರಾನ್‌ಗಳು ಸತ್ತವುಗಳ ಪಾಲಿನ ಕೆಲಸವನ್ನೂ ತಾವೇ ಹೊತ್ತುಕೊಳ್ಳುತ್ತವೆ. ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ಕೆಟ್ಟಾಗ ಮೂತ್ರ ತೆಳ್ಳಗಾಗತೊಡಗುತ್ತದೆ. ಸುಮಾರು ನಾಲ್ಕರಲ್ಲಿ ಮೂರು ಪಾಲು ಕೆಟ್ಟ ಮೇಲಷ್ಟೇ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಮಿತಿ ದಾಟುತ್ತದೆ. ನಾವು ನೆಚ್ಚಿಕೊಂಡಿರುವ ಪರೀಕ್ಷೆ ಗಂಟೆ ಬಾರಿಸುವ ಹೊತ್ತಿಗೆ ಉಳಿದಿರುವುದು ಕಾಲು ಭಾಗ.

● ಹಾಗಾದರೆ ಅದಕ್ಕಿಂತ ಮೊದಲು ಏನು ಬದಲಾಗುತ್ತದೆ? ತೂಕ! ಅಮೆರಿಕದಲ್ಲಿ ಈ ಕಾಯಿಲೆಯ 569 ಬೆಕ್ಕುಗಳ ಹಳೆಯ ದಾಖಲೆಗಳನ್ನು ತೆಗೆದು ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕಾಯಿಲೆ ಪತ್ತೆಯಾಗುವ 3 ವರ್ಷ ಮೊದಲೇ ಅವುಗಳ ತೂಕ ಇಳಿಯಲು ಶುರುವಾಗಿತ್ತು. ಪತ್ತೆಯಾಗುವ ಹಿಂದಿನ ಒಂದೇ ವರ್ಷದಲ್ಲಿ ಸುಮಾರು ಶೇ 9ರಷ್ಟು ತೂಕ ಹೋಗಿತ್ತು.

ಶೇ 9 ಅಂದರೆ 4 ಕಿಲೋ ಬೆಕ್ಕಿಗೆ 360 ಗ್ರಾಂ. ರೋಮದ ಅಡಿಯಲ್ಲಿ ಇದು ಕಾಣುವುದೇ ಇಲ್ಲ. ದಿನಾ ಎತ್ತಿಕೊಳ್ಳುವವರಿಗೂ ಗೊತ್ತಾಗದು, ಬಹುದಿನದ ಮೇಲೆ ಬಂದ ನೆಂಟರು “ಪುಸ್ಸಿ ಯಾಕೆ ಸೊರಗಿದೆ?” ಅಂದಾಗಲೇ ಗೊತ್ತಾಗುವುದು. ಅಷ್ಟೇ ಪ್ರಮಾಣದಲ್ಲಿ ಇಳಿದರೆ 60 ಕಿಲೋದ ಮನುಷ್ಯ ಐದೂವರೆ ಕಿಲೋ ಕಳೆದುಕೊಂಡಂತೆ. ನಮಗೇ ಹಾಗಾಗಿದ್ದರೆ ಮನೆಯವರು ಸುಮ್ಮನಿರುತ್ತಿದ್ದರೇ?

● ನಾವು ನಿಂತು ನೋಡಿಕೊಳ್ಳುವ ತೂಕದ ಯಂತ್ರ ಬೆಕ್ಕಿಗೆ ಸಾಲದು. 100, 200 ಗ್ರಾಂ ವ್ಯತ್ಯಾಸವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಪ್ರಯಾಣದ ಸೂಟ್‌ಕೇಸ್ ತೂಗಲು ಕೊಕ್ಕೆ ಇರುವ ಪುಟ್ಟ ಡಿಜಿಟಲ್ ತಕ್ಕಡಿ ಬರುತ್ತದಲ್ಲ, ಅದಕ್ಕೆ ಬೆಕ್ಕಿನ ಬುಟ್ಟಿಯನ್ನು ಸಿಕ್ಕಿಸಿ ಎತ್ತಿ. ಮೊದಲು ಖಾಲಿ ಬುಟ್ಟಿ, ಆಮೇಲೆ ಬೆಕ್ಕು ಕೂತ ಬುಟ್ಟಿ. ತಿಂಗಳಿಗೊಮ್ಮೆ ತೂಗಿ ಕ್ಯಾಲೆಂಡರಿನ ಆ ತಿಂಗಳ ಪುಟದ ಮೇಲೆ ಬರೆದಿಟ್ಟರೆ ಸಾಕು. ಆ ಕ್ಯಾಲೆಂಡರನ್ನು ಮಾತ್ರ ವರ್ಷ ಮುಗಿದ ಮೇಲೆ ರದ್ದಿಗೆ ಹಾಕಬೇಡಿ.

● ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣಭೂಮಿಯ ಕಾಡುಬೆಕ್ಕುಗಳು. ಬೇಟೆಯ ಮೈಯಲ್ಲಿರುವ ನೀರಿನಲ್ಲೇ ಬದುಕು ಸಾಗಿಸುತ್ತಿದ್ದವು. ಅದಕ್ಕೇ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಬಹಳ ಗಾಢ. ಹಸಿ ಆಹಾರ ತಿನ್ನುವ ಆರೋಗ್ಯವಂತ ಬೆಕ್ಕು ನೀರಿನ ಬಟ್ಟಲ ಬಳಿ ಹೋಗುವುದು ಕಡಿಮೆ.

● ಆದ್ದರಿಂದ “ನಮ್ಮ ಬೆಕ್ಕು ಈಗೀಗ ಚೆನ್ನಾಗಿ ನೀರು ಕುಡಿಯುತ್ತದೆ” ಎಂದು ಹಿಗ್ಗುವ ಮೊದಲು ಒಂದು ಸಲ ಅಳೆದು ನೋಡಿ. ಬೆಳಿಗ್ಗೆ ಅಳತೆ ಲೋಟದಲ್ಲಿ ನೀರು ಹಾಕುವುದು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯುವುದು. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 50 ಮಿ.ಲೀ. ದಾಟುತ್ತಿದ್ದರೆ, ಅಂದರೆ 4 ಕಿಲೋ ಬೆಕ್ಕು 200 ಮಿ.ಲೀ.ಗಿಂತ ಹೆಚ್ಚು ಕುಡಿಯುತ್ತಿದ್ದರೆ, ಡಾಕ್ಟರಿಗೆ ತೋರಿಸಬೇಕು. ಕಿಡ್ನಿಯೇ ಆಗಿರಬೇಕೆಂದಿಲ್ಲ. ಸಕ್ಕರೆ ಕಾಯಿಲೆಯಲ್ಲೂ ಥೈರಾಯ್ಡ್ ಹೆಚ್ಚಾದಾಗಲೂ ಹೀಗೇ ಆಗುತ್ತದೆ. ಮೂರರಲ್ಲಿ ಯಾವುದಾದರೂ ಬೇಗ ತಿಳಿದಷ್ಟೂ ಒಳ್ಳೆಯದೇ.

● ಬಟ್ಟಲಿಗಿಂತ ಲಿಟರ್ ಟ್ರೇ ಇನ್ನೂ ನಿಖರ. ನಲ್ಲಿಯಲ್ಲಿ, ಬಕೆಟಿನಲ್ಲಿ, ಹೂಕುಂಡದ ತಟ್ಟೆಯಲ್ಲಿ ಕುಡಿದದ್ದಕ್ಕೆ ಲೆಕ್ಕ ಸಿಗದು. ಹೊರಗೆ ಬಂದದ್ದಕ್ಕೆ ಸಿಗುತ್ತದೆ. ಗಟ್ಟಿಯಾಗುವ ಮರಳು ಬಳಸುವವರು ಉಂಡೆಗಳ ಗಾತ್ರ ನೋಡುತ್ತಿರಿ. ನಿಂಬೆಹಣ್ಣಿನಷ್ಟಿದ್ದದ್ದು ಕಿತ್ತಳೆಯಷ್ಟಾದರೆ ಅದು ಸುದ್ದಿ.

● ತುಂಬಾ ಮೂತ್ರ ಮಾಡುತ್ತದೆ ಎಂದು ನೀರಿನ ಬಟ್ಟಲನ್ನು ಎತ್ತಿಡಬೇಡಿ. ದಯವಿಟ್ಟು. ಕಿಡ್ನಿಗೆ ನೀರು ಹಿಡಿದಿಡಲು ಆಗುತ್ತಿಲ್ಲ, ಹೊರಹೋದದ್ದನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತಿದೆ. ಅದನ್ನು ತಡೆದರೆ ಎರಡೇ ದಿನದಲ್ಲಿ ಉಳಿದ ಕಿಡ್ನಿಗೂ ಪೆಟ್ಟು ಬೀಳುತ್ತದೆ.

● ಈ ಕಾಯಿಲೆಯ ಪತ್ತೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಅಲಕ್ಷಿತ ಪರೀಕ್ಷೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಮೂತ್ರದ ಸಾಂದ್ರತೆ. ಬೇಕಾದದ್ದು ಒಂದೇ ಹನಿ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಎಂಬ ಉಪಕರಣದ ಗಾಜಿನ ಮೇಲೆ ಆ ಹನಿ ಬಿಟ್ಟು, ಪುಟ್ಟ ಮುಚ್ಚಳ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡುತ್ತಾರೆ. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಸಾಂದ್ರತೆ. ಶುದ್ಧ ನೀರಿಗೆ 1.000. ಆರೋಗ್ಯವಂತ ಬೆಕ್ಕಿಗೆ ಸಾಮಾನ್ಯವಾಗಿ 1.040ಕ್ಕಿಂತ ಮೇಲೆ, ಒಮ್ಮೊಮ್ಮೆ 1.060ಕ್ಕೂ ಮೇಲೆ. ಗೆರೆ 1.035ರ ಕೆಳಗೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಹುಡುಕಾಟ ಶುರುವಾಗಬೇಕು. 1.008ರಿಂದ 1.012ರ ನಡುವೆ ನಿಂತುಬಿಟ್ಟರೆ, ಕಿಡ್ನಿ ಮೂತ್ರವನ್ನು ಗಾಢಗೊಳಿಸುವ ಕೆಲಸವನ್ನೇ ಕೈಬಿಟ್ಟಿದೆ ಎಂದರ್ಥ. ಇಷ್ಟೆಲ್ಲ ಹೇಳುವ ಪರೀಕ್ಷೆಗೆ ಅರೆ ನಿಮಿಷ ಸಾಕು.

ಮೂತ್ರದಲ್ಲಿ ಅದ್ದಿ ನೋಡುವ, ಬಣ್ಣ ಬದಲಾಗುವ ಪಟ್ಟಿಯಲ್ಲೂ ಸಾಂದ್ರತೆಯ ಚೌಕವೊಂದಿರುತ್ತದೆ. ಬೆಕ್ಕಿನ ಮಟ್ಟಿಗೆ ಅದನ್ನು ನಂಬುವಂತಿಲ್ಲ, ರಿಫ್ರಾಕ್ಟೋಮೀಟರಿನಲ್ಲೇ ನೋಡಿ ಎಂದು ಕೇಳಿ. ಹಸಿ ಆಹಾರ ಮಾತ್ರ ತಿನ್ನುವ ಬೆಕ್ಕಿನ ಮೂತ್ರ ಸ್ವಲ್ಪ ತೆಳ್ಳಗಿರುವುದುಂಟು, ಹಾಗಾಗಿ ಒಂದೇ ಸಲದ ಅಂಕಿಗೆ ಹೆದರಬೇಕಿಲ್ಲ.

● ಬೆಕ್ಕಿನ ಮೂತ್ರ ಹಿಡಿಯುವುದಾದರೂ ಹೇಗೆ? ಟ್ರೇ ಚೆನ್ನಾಗಿ ತೊಳೆದು ಒಣಗಿಸಿ, ಮರಳಿನ ಬದಲು ತೊಳೆದ ಅಕ್ವೇರಿಯಂ ಕಲ್ಲು ಹರಡಿ. ನೀರು ಹೀರದ ಯಾವುದಾದರೂ ಆದೀತು. ಬೆಕ್ಕು ಬಂದು ಹೋದ ಮೇಲೆ ಟ್ರೇಯನ್ನು ಓರೆ ಮಾಡಿ ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದುಕೊಂಡು ಮುಚ್ಚಳವಿರುವ ಡಬ್ಬಿಗೆ ಹಾಕಿ. ಸಾಂದ್ರತೆ ನೋಡಲು ಇಷ್ಟು ಸಾಕು. ಸೋಂಕಿದೆಯೇ ಎಂದು ಕಲ್ಚರ್ ಮಾಡಬೇಕಿದ್ದರೆ ಮಾತ್ರ ಡಾಕ್ಟರು ಸಣ್ಣ ಸೂಜಿಯಿಂದ ನೇರ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಲು ಭಯವೆನಿಸಿದರೂ ಹೆಚ್ಚಿನ ಬೆಕ್ಕುಗಳು ರಕ್ತ ತೆಗೆಯುವಾಗ ಮಾಡುವಷ್ಟು ಗಲಾಟೆಯನ್ನೂ ಮಾಡುವುದಿಲ್ಲ.

● ರಕ್ತ ಒಂದನ್ನೇ ನೋಡಿದರೆ ಮೋಸ ಹೋಗಬಹುದು. ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ನೀರಿನಂಶ ಕಳೆದುಕೊಂಡ ಬೆಕ್ಕಿನ ಕ್ರಿಯಾಟಿನಿನ್ ಕೂಡ ಏರುತ್ತದೆ. ಆದರೆ ಕಿಡ್ನಿ ಗಟ್ಟಿಯಾಗಿದ್ದರೆ ಅಂಥ ಹೊತ್ತಿನಲ್ಲಿ ಮೂತ್ರ ಇನ್ನಷ್ಟು ಗಾಢವಾಗಿರುತ್ತದೆ. ಕ್ರಿಯಾಟಿನಿನ್ ಏರಿದೆ, ಮೂತ್ರವೂ ತೆಳ್ಳಗಿದೆ ಅಂದಾಗಲೇ ಅನುಮಾನ ಕಿಡ್ನಿಯ ಮೇಲೆ. ರಕ್ತವನ್ನೂ ಮೂತ್ರವನ್ನೂ ಒಂದೇ ದಿನ ನೋಡಬೇಕು ಅನ್ನುವುದು ಇದಕ್ಕೇ.

● ಬೆಕ್ಕು, ನಾಯಿಗಳ ಕಿಡ್ನಿ ಕಾಯಿಲೆಗೆ ಜಗತ್ತಿಗೆಲ್ಲ ಒಂದೇ ಅಳತೆಗೋಲು ಬೇಕೆಂದು ಕಿಡ್ನಿ ತಜ್ಞ ಪಶುವೈದ್ಯರು 1998ರಲ್ಲಿ ವಿಯೆನ್ನಾದಲ್ಲಿ ಸೇರಿ ಕಟ್ಟಿದ ಸಂಘ ‘ಐರಿಸ್’. ಬೆಕ್ಕಿನ ಕಾಯಿಲೆಯನ್ನು ಅದು ನಾಲ್ಕು ಹಂತ ಮಾಡಿದೆ. ಪ್ರತಿ ಡೆಸಿಲೀಟರ್ ರಕ್ತಕ್ಕೆ ಕ್ರಿಯಾಟಿನಿನ್ 1.6 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಮೊದಲನೆಯದು. 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು, 5 ದಾಟಿದರೆ ನಾಲ್ಕನೆಯದು.

● ಮೊದಲ ಹಂತವನ್ನು ಇನ್ನೊಮ್ಮೆ ನೋಡಿ. ಕ್ರಿಯಾಟಿನಿನ್ ಪೂರ್ತಿ ನಾರ್ಮಲ್ ಇದ್ದೂ ಕಾಯಿಲೆ ಇರಬಹುದು ಎಂದು ತಜ್ಞರೇ ಒಪ್ಪಿದ ಹಾಗಾಯಿತು. ತೆಳ್ಳಗಿನ ಮೂತ್ರ, ಮೂತ್ರದಲ್ಲಿ ಪ್ರೋಟೀನ್, ಸ್ಕ್ಯಾನಿಂಗ್‌ನಲ್ಲಿ ಆಕಾರ ಕೆಟ್ಟ ಕಿಡ್ನಿ – ಇಂಥ ಸುಳಿವಿನಿಂದ ಮಾತ್ರ ಈ ಹಂತ ಸಿಗುತ್ತದೆ.

● ಲ್ಯಾಬ್ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೆ ಮಡಚಿಟ್ಟುಬಿಡುತ್ತೇವೆ. ಹಲವು ಲ್ಯಾಬ್‌ಗಳು ಬೆಕ್ಕಿನ ಕ್ರಿಯಾಟಿನಿನ್‌ಗೆ 2.4ರವರೆಗೆ ನಾರ್ಮಲ್ ಎಂದೇ ಮುದ್ರಿಸುತ್ತವೆ. ಐರಿಸ್ ಲೆಕ್ಕದಲ್ಲಿ 1.6ಕ್ಕೇ ಎರಡನೇ ಹಂತ ಶುರು. ಯುವಪ್ರಾಯದಲ್ಲಿ 1.0 ಇದ್ದ ಬೆಕ್ಕಿಗೆ ಈಗ 1.9 ಬಂದಿದ್ದರೆ ಅದು ವರದಿಯ ಕಣ್ಣಿಗೆ ನಾರ್ಮಲ್, ಆ ಬೆಕ್ಕಿನ ಪಾಲಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಆ 1.0 ಯಾರ ಬಳಿಯಾದರೂ ಬರೆದಿಟ್ಟಿದ್ದರೆ ತಾನೇ ಇದು ತಿಳಿಯುವುದು! ಆರೋಗ್ಯವಾಗಿದ್ದಾಗ ಒಮ್ಮೆ ಪರೀಕ್ಷೆ ಮಾಡಿಸಿಡಿ ಎಂದು ಪಶುವೈದ್ಯರು ಹೇಳುವುದನ್ನು ಖರ್ಚಿನ ಬಾಬತ್ತು ಎಂದು ತಳ್ಳಿಹಾಕುವವರಿದ್ದಾರೆ. ನನಗಂತೂ ಬೆಕ್ಕಿಗೆ ಕೊಡಬಹುದಾದ ಒಳ್ಳೆಯ ಆಸ್ತಿ ಆ ಒಂದು ಹಾಳೆ ಅನಿಸುತ್ತದೆ. 7ರ ನಂತರ ವರ್ಷಕ್ಕೊಮ್ಮೆ, 10ರ ನಂತರ ಆರು ತಿಂಗಳಿಗೊಮ್ಮೆ ತೋರಿಸಬೇಕು.

● ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಮುದಿ ಬೆಕ್ಕಿನ ಬೆನ್ನು, ತೊಡೆಯ ಮಾಂಸ ಕರಗಿದಂತೆ ಅದರ ಉತ್ಪತ್ತಿಯೂ ಕಡಿಮೆ. ಬೆನ್ನುಮೂಳೆ ಕೈಗೆ ಸಿಗುವಷ್ಟು ಬಡಕಲಾದ ಬೆಕ್ಕಿನ ಕ್ರಿಯಾಟಿನಿನ್ ಚೆನ್ನಾಗಿ ಕಂಡರೂ ಕಿಡ್ನಿ ಕೆಟ್ಟಿರಬಹುದು.

● ಈ ಕೊರತೆಯನ್ನು ಸ್ವಲ್ಪ ತುಂಬಿದ್ದು ‘ಎಸ್‌ಡಿಎಂಎ’ ಎಂಬ ವಸ್ತುವಿನ ರಕ್ತಪರೀಕ್ಷೆ. ಮಾಂಸಖಂಡ ಕರಗಿದರೂ ಇದರ ಅಂಕಿ ಅಷ್ಟಾಗಿ ತಪ್ಪು ಹೇಳುವುದಿಲ್ಲ. 1970ರಲ್ಲಿ ಜಪಾನಿನ ವಿಜ್ಞಾನಿಗಳು ಮನುಷ್ಯರ ಮೂತ್ರದಲ್ಲಿ ಗುರುತಿಸಿದ್ದ ಈ ವಸ್ತು, ಪಶುವೈದ್ಯರ ಕೈಗೆ ದಿನಬಳಕೆಯ ಪರೀಕ್ಷೆಯಾಗಿ ಬಂದದ್ದು 2015ರಲ್ಲಿ. ಅದಕ್ಕೂ ಮೊದಲು ಒಂದು ಸಂಶೋಧನೆಯಲ್ಲಿ, ಕ್ರಿಯಾಟಿನಿನ್ ಏರುವುದಕ್ಕಿಂತ ಸರಾಸರಿ 17 ತಿಂಗಳು ಮೊದಲೇ ಬೆಕ್ಕುಗಳ ಎಸ್‌ಡಿಎಂಎ ಏರಿದ್ದು ಕಂಡಿತ್ತು. ಸುಮಾರು ಶೇ 40ರಷ್ಟು ಕೆಲಸ ಕುಗ್ಗಿದಾಗಲೇ ಇದು ಸೂಚನೆ ಕೊಡುತ್ತದೆ. ಡೆಸಿಲೀಟರಿಗೆ 14 ಮೈಕ್ರೋಗ್ರಾಂ ದಾಟಿದರೆ ಗಮನಿಸಬೇಕು. ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಮಾತ್ರ ಅದಕ್ಕೆ ಬೆಲೆ.

● ಥೈರಾಯ್ಡ್ ಹೆಚ್ಚಾದ ಬೆಕ್ಕು ಕಿಡ್ನಿ ಕಾಯಿಲೆಯನ್ನು ಬಚ್ಚಿಟ್ಟುಕೊಂಡಿರಬಹುದು. ಆ ಹಾರ್ಮೋನು ಕಿಡ್ನಿಗೆ ಹೆಚ್ಚು ರಕ್ತ ಹರಿಸಿ ಅಂಕಿಗಳನ್ನು ಚೆಂದ ಕಾಣಿಸುತ್ತದೆ. ಥೈರಾಯ್ಡ್‌ಗೆ ಔಷಧಿ ಶುರು ಮಾಡಿದ ಮೇಲೆ ಕಿಡ್ನಿಯ ನಿಜ ಬಣ್ಣ ಹೊರಬರುತ್ತದೆ. ಔಷಧಿಯಿಂದಲೇ ಕಿಡ್ನಿ ಹಾಳಾಯಿತು ಎಂದು ಎಷ್ಟೋ ಜನ ತಿಳಿಯುವುದು ಇದರಿಂದಲೇ.

● ಬೆಕ್ಕಿಗೂ ಬಿ.ಪಿ. ಇದೆ, ನೋಡುತ್ತಾರೆ ಕೂಡ! ಮುಂಗಾಲಿಗೋ ಬಾಲಕ್ಕೋ ಮಗುವಿನ ಕೈಗೆ ಕಟ್ಟುವಷ್ಟು ಚಿಕ್ಕ ಪಟ್ಟಿ ಸುತ್ತುತ್ತಾರೆ. ಆಸ್ಪತ್ರೆಯ ಭಯಕ್ಕೇ ಅಂಕಿ ಏರುವುದರಿಂದ ಐದು ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮೊದಲ ಅಂಕಿಯನ್ನು ಬಿಟ್ಟು, ಮುಂದಿನ ಹಲವು ಅಂಕಿಗಳ ಸರಾಸರಿ ತೆಗೆಯುತ್ತಾರೆ. ಮೇಲಿನ ಅಂಕಿ 140ರ ಒಳಗಿದ್ದರೆ ನೆಮ್ಮದಿ. 160 ದಾಟಿದರೆ ಬಿ.ಪಿ. ಎಂದು ಲೆಕ್ಕ. 180 ಮುಟ್ಟಿದರೆ ಕಣ್ಣು, ಮಿದುಳು, ಹೃದಯಕ್ಕೆ ಅಪಾಯ. ಕಿಡ್ನಿ ಕಾಯಿಲೆ ಇರುವ ಬೆಕ್ಕುಗಳಲ್ಲಿ ಕಡಿಮೆಯೆಂದರೂ ಐದಕ್ಕೊಂದಕ್ಕೆ ಬಿ.ಪಿ. ಇರುತ್ತದೆ. ರಾತ್ರೋರಾತ್ರಿ ಕುರುಡಾಗಿ ಗೋಡೆಗೆ ಡಿಕ್ಕಿ ಹೊಡೆಯುವ ಮುದಿ ಬೆಕ್ಕುಗಳಲ್ಲಿ ಹಲವಕ್ಕೆ ಬಿ.ಪಿ. ಏರಿ ಕಣ್ಣಿನ ರೆಟಿನಾ ಕಳಚಿರುತ್ತದೆ. ಮನುಷ್ಯರಿಗೆ ಕೊಡುವ ಆಮ್ಲೋಡಿಪಿನ್ ಔಷಧಿಯೇ ಬೆಕ್ಕಿಗೂ ಆಗುತ್ತದೆ. ಆದರೆ ಅಳತೆ ಡಾಕ್ಟರು ಹೇಳಿದಷ್ಟೇ.

● ಮೂತ್ರದಲ್ಲಿ ಪ್ರೋಟೀನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂಬ ಅನುಪಾತ ಇನ್ನೊಂದು ಮುಖ್ಯ ಅಂಕಿ. 0.2ರ ಒಳಗೆ ಸರಿ, 0.4 ದಾಟಿದರೆ ಚಿಕಿತ್ಸೆಯ ಮಾತು.

● ಪರ್ಷಿಯನ್ ಬೆಕ್ಕು ಸಾಕಿದವರು ಹತ್ತು ವರ್ಷ ಕಾಯಬಾರದು. ಈ ತಳಿಯಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆಗಳಾಗುವ ವಂಶವಾಹಿ ಕಾಯಿಲೆಯೊಂದಿದೆ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಗೆ ಕಾಯಿಲೆ ಬರುತ್ತದೆ. ಗುಳ್ಳೆಗಳು ಹುಟ್ಟಿನಿಂದಲೇ ಇದ್ದು ವರ್ಷ ವರ್ಷಕ್ಕೂ ದೊಡ್ಡದಾಗುತ್ತವೆ, ತೊಂದರೆ ಕಾಣಿಸುವುದು ಸಾಮಾನ್ಯವಾಗಿ ಏಳೆಂಟರ ಹೊತ್ತಿಗೆ. ಕಾರಣವಾದ ವಂಶವಾಹಿ ದೋಷವನ್ನು 2004ರಲ್ಲಿ ಗುರುತಿಸಲಾಯಿತು, ಅದಕ್ಕೆ ಡಿಎನ್‌ಎ ಪರೀಕ್ಷೆಯೂ ಇದೆ. 10 ತಿಂಗಳು ದಾಟಿದ ಮರಿಯಲ್ಲಿ ಅಲ್ಟ್ರಾಸೌಂಡ್ ಮಾಡಿದರೂ ಬಹುಪಾಲು ಗೊತ್ತಾಗುತ್ತದೆ. ನಮ್ಮ ನಗರಗಳಲ್ಲಿ ಪರ್ಷಿಯನ್ ಮರಿಗಳಿಗೆ ಸಾವಿರಗಟ್ಟಲೆ ರೂಪಾಯಿ ಸುರಿಯುವವರು ತಾಯಿ ತಂದೆಯ ಈ ಒಂದು ವರದಿಯನ್ನು ಕೇಳಿ ಪಡೆಯುವುದನ್ನು ರೂಢಿ ಮಾಡಿಕೊಂಡರೆ, ಮಾರುವವರೂ ಮಾಡಿಸಿಡುತ್ತಾರೆ.

● 2019ರಲ್ಲಿ ಸಂಶೋಧಕರು 1 ಲಕ್ಷಕ್ಕೂ ಹೆಚ್ಚು ಬೆಕ್ಕುಗಳ ವೈದ್ಯಕೀಯ ದಾಖಲೆಯನ್ನು ಕಂಪ್ಯೂಟರಿಗೆ ಉಣಿಸಿ, ಮುಂದೆ ಯಾವ ಬೆಕ್ಕಿಗೆ ಕಿಡ್ನಿ ಕಾಯಿಲೆ ಬರಬಹುದು ಎಂದು ಊಹಿಸುವ ಮಾದರಿ ಕಟ್ಟಿದರು. ಕೊನೆಗೆ ಆ ಯಂತ್ರಬುದ್ಧಿಗೆ ಬೇಕಾದ ವಿವರಗಳು ನಾಲ್ಕೇ: ಕ್ರಿಯಾಟಿನಿನ್, ರಕ್ತದ ಯೂರಿಯಾ, ಮೂತ್ರದ ಸಾಂದ್ರತೆ, ವಯಸ್ಸು. ಹೊಸ ಯಂತ್ರವೇನೂ ಬೇಡ, ಹಳೆಯ ಪರೀಕ್ಷೆಗಳನ್ನೇ ಬಿಡದೆ ಮಾಡಿಸಿ ಜೋಡಿಸಿಟ್ಟುಕೊಂಡರಾಯಿತು.

● ಬಾಯಿ ವಾಸನೆ, ಬಾಯಿಹುಣ್ಣು, ವಾಂತಿ, ಊಟ ಬಿಡುವುದು – ಇವು ತಡವಾದ ಲಕ್ಷಣಗಳು. ಮಲಬದ್ಧತೆ, ಮಂಕಾದ ರೋಮ ಸ್ವಲ್ಪ ಮೊದಲೇ ಕಾಣುತ್ತವೆ. ತಲೆ ಎತ್ತಲಾಗದೆ ಗದ್ದ ಎದೆಗೆ ಬಾಗಿದ್ದರೆ ಪೊಟ್ಯಾಸಿಯಂ ಕುಸಿದಿರಬಹುದು, ಅಂದೇ ಕರೆದೊಯ್ಯಿರಿ.

● ಬೇಗ ತಿಳಿದು ಏನು ಪ್ರಯೋಜನ, ವಾಸಿಯಾಗುವ ಕಾಯಿಲೆಯಲ್ಲವಲ್ಲ ಎನ್ನುವವರು ಈ ಲೆಕ್ಕ ನೋಡಬೇಕು. 2008ರ ಅಧ್ಯಯನವೊಂದರಲ್ಲಿ, ಎರಡನೇ ಹಂತದ ಕೊನೆಯ ಭಾಗದಲ್ಲಿ ಪತ್ತೆಯಾದ ಬೆಕ್ಕುಗಳಲ್ಲಿ ಅರ್ಧದಷ್ಟು 1,151 ದಿನಕ್ಕೂ ಹೆಚ್ಚು ಬದುಕಿದ್ದವು. ಮೂರನೇ ಹಂತದಲ್ಲಿ ಆ ಅಂಕಿ 778. ನಾಲ್ಕನೇ ಹಂತದಲ್ಲಿ 103.

● ಆಹಾರದ ಪಾತ್ರ ಎಷ್ಟು ದೊಡ್ಡದು ಗೊತ್ತೇ? ಫಾಸ್ಫರಸ್ ತಗ್ಗಿಸಿ, ಪ್ರೋಟೀನ್ ಮಿತಗೊಳಿಸಿದ ಕಿಡ್ನಿ ಆಹಾರವನ್ನು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು 45 ಬೆಕ್ಕುಗಳ ಮೇಲೆ ಎರಡು ವರ್ಷ ಪರೀಕ್ಷಿಸಿತ್ತು. ಸಾಮಾನ್ಯ ಆಹಾರ ತಿಂದವುಗಳಲ್ಲಿ ಶೇ 26ರಷ್ಟಕ್ಕೆ ರಕ್ತದಲ್ಲಿ ವಿಷ ಏರಿ ಗಂಭೀರವಾಯಿತು. ಕಿಡ್ನಿ ಆಹಾರ ತಿಂದವುಗಳಲ್ಲಿ ಒಂದಕ್ಕೂ ಹಾಗಾಗಲಿಲ್ಲ. ಹಾಗೆಂದು ಅನುಮಾನ ಬಂದ ಕೂಡಲೇ ನೀವೇ ಮಾಂಸ, ಮೊಟ್ಟೆ ನಿಲ್ಲಿಸಬೇಡಿ. ಹಂತ ತಿಳಿಯದೆ ಪ್ರೋಟೀನ್ ಕಡಿದರೆ ಇರುವ ಮಾಂಸಖಂಡವೂ ಹೋಗುತ್ತದೆ. ಬೆಕ್ಕು ಮೊಂಡು ಹಿಡಿಯುವ ಪ್ರಾಣಿ, ಹೊಸ ಆಹಾರವನ್ನು ವಾರಗಟ್ಟಲೆ ಹಳೆಯದರೊಂದಿಗೆ ಬೆರೆಸಿ ಬೆರೆಸಿ ರೂಢಿಸಬೇಕು. ಕಾಯಿಲೆ ಬೇಗ ಪತ್ತೆಯಾಗಿ ಹಸಿವು ಇನ್ನೂ ಚೆನ್ನಾಗಿರುವಾಗಲೇ ಇದು ಸಾಧ್ಯ.

● ಒಣ ಆಹಾರದ ಕಾಳಿನಲ್ಲಿ ನೀರು ಸುಮಾರು ಶೇ 10 ಮಾತ್ರ, ಪೌಚಿನ ಹಸಿ ಆಹಾರದಲ್ಲಿ ಶೇ 75ಕ್ಕೂ ಹೆಚ್ಚು. ಕರಾವಳಿಯ ಮನೆಗಳಲ್ಲಿ ಬೆಕ್ಕಿಗೆ ಎಸೆಯುವ ಉಪ್ಪು ಹಾಕಿದ ಒಣಮೀನು ಕಿಡ್ನಿ ಕಾಯಿಲೆಯ ಬೆಕ್ಕಿಗೆ ಬೇಡವೇ ಬೇಡ.

● ಹೂದಾನಿಯ ಲಿಲಿ ಹೂ ಬೆಕ್ಕಿಗೆ ವಿಷ. ಎಲೆ, ದಳ, ಮೈಗಂಟಿದ ಪರಾಗವನ್ನು ನೆಕ್ಕಿದರೂ ಒಂದೆರಡು ದಿನದಲ್ಲಿ ಕಿಡ್ನಿ ನಿಂತುಹೋಗಬಹುದು. ಬದುಕುಳಿದವು ದೀರ್ಘಕಾಲದ ಕಾಯಿಲೆ ಹೊತ್ತುಕೊಂಡೇ ಬದುಕಬೇಕಾಗಬಹುದು. ಬೆಕ್ಕಿರುವ ಮನೆಗೆ ಈ ಹೂಗುಚ್ಛ ಒಯ್ಯಬೇಡಿ.

● ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೇನ್ ಬೆಕ್ಕಿನ ಕಿಡ್ನಿಯನ್ನು ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆ ಜೀವ ತೆಗೆಯಬಲ್ಲದು.

● ಬೆಕ್ಕುಗಳಿಗೇ ಈ ಕಾಯಿಲೆ ಇಷ್ಟೇಕೆ? ಜಪಾನಿನ ತೋರು ಮಿಯಾಜಾಕಿ ಅವರ ತಂಡ 2016ರಲ್ಲಿ ಒಂದು ಕಾರಣ ಮುಂದಿಟ್ಟಿತು. ರಕ್ತದಲ್ಲಿ ‘ಎಐಎಂ’ ಎಂಬ ಪ್ರೋಟೀನ್ ಇದೆ, 1999ರಲ್ಲಿ ಅದನ್ನು ಗುರುತಿಸಿದವರೂ ಅವರೇ. ಕಿಡ್ನಿಯ ನಳಿಕೆಗಳಲ್ಲಿ ಸತ್ತ ಕೋಶಗಳ ಕಸ ಕಟ್ಟಿಕೊಂಡಾಗ ಅದನ್ನು ತೆಗೆಸುವುದು ಈ ಪ್ರೋಟೀನಿನ ಕೆಲಸ. ಬೆಕ್ಕಿನಲ್ಲಿ ಅದು ರಕ್ತದ ಇನ್ನೊಂದು ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟಿರುತ್ತದೆ ಎಂದರೆ, ಬೇಕಾದಾಗ ಬಿಡಿಸಿಕೊಂಡು ಕಿಡ್ನಿಗೆ ಇಳಿಯುವುದೇ ಇಲ್ಲ. ಈ ಪ್ರೋಟೀನನ್ನೇ ಔಷಧಿಯಾಗಿ ಕೊಡುವ ಪ್ರಯತ್ನಕ್ಕೆ ಹಣ ಸಾಲುತ್ತಿಲ್ಲ ಎಂಬ ಸುದ್ದಿ 2021ರಲ್ಲಿ ಹೊರಬಿದ್ದಾಗ, ಜಪಾನಿನ ಬೆಕ್ಕುಪ್ರಿಯರು ಕೋಟಿಗಟ್ಟಲೆ ಯೆನ್ ದೇಣಿಗೆ ಕಳಿಸಿದರು.

● ಬೆಕ್ಕಿಗೆ ಕಿಡ್ನಿ ಕಸಿಯನ್ನೂ ಮಾಡುತ್ತಾರೆ! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 1987ರಲ್ಲಿ ಇದು ಶುರುವಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ಇದಕ್ಕೊಂದು ಕಡ್ಡಾಯ ನಿಯಮವಿದೆ: ಕಿಡ್ನಿ ಕೊಟ್ಟ ಬೆಕ್ಕನ್ನು ಪಡೆದ ಬೆಕ್ಕಿನ ಮನೆಯವರೇ ದತ್ತು ತೆಗೆದುಕೊಂಡು ಅದರ ಆಯುಷ್ಯವಿಡೀ ಸಾಕಬೇಕು.